ಪೇಟೆಗೆ ಬರುವ ಕಾರಿಗೆ ಶುಲ್ಕ ಹಾಕಿ, ಆ ದುಡ್ಡಲ್ಲಿ ಬಸ್ಸು ಓಡಿಸಿ: ಮೈಸೂರಿನ ಪಾತ್ರೆ ವ್ಯಾಪಾರಿಯ ಬಹಿರಂಗ ಪತ್ರ

ಇವರಿಗೆ,
ಮೈಸೂರು ನಗರದ ಆಡಳಿತ, ಸಂಚಾರ ಮತ್ತು ಬಸ್ಸುಗಳ ಹೊಣೆ ಹೊತ್ತ ಮಾನ್ಯರಿಗೆ,
ಹಾಗೂ ಪೇಟೆ ಬೀದಿಗಳ ನನ್ನ ವರ್ತಕ ಬಂಧುಗಳಿಗೆ.

ವಿಷಯ: ಅರಮನೆಯ ಉತ್ತರಕ್ಕಿರುವ ಹಳೆ ಪೇಟೆಗೆ ಸಂಜೆ ಹೊತ್ತು ಬರುವ ಕಾರುಗಳಿಗೆ ಶುಲ್ಕ ವಿಧಿಸುವ ಬಗ್ಗೆ.

ಮಾನ್ಯರೇ,

ಅಶೋಕ ರಸ್ತೆಗೆ ಹೊಂದಿಕೊಂಡ ಅಡ್ಡಬೀದಿಯೊಂದರಲ್ಲಿ ನನ್ನದು ಪಾತ್ರೆ ಅಂಗಡಿ. ತಂದೆಯವರು ಹಾಕಿದ್ದು. ನಾನು ಗಲ್ಲಾ ಮುಂದೆ ಕೂತು 31 ವರ್ಷವಾಯಿತು. ಕಳೆದ ತಿಂಗಳು ನಮ್ಮ ಬೀದಿಯ ವರ್ತಕರು ಒಂದು ಮಧ್ಯಾಹ್ನ ಸೇರಿದ್ದೆವು. ನಗರದ ಮಧ್ಯಕ್ಕೆ ಬರುವ ಕಾರುಗಳಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳುತ್ತಾರಂತೆ, ಅದಾಗದಿದ್ದರೆ ರಸ್ತೆ ಬದಿಯ ಪಾರ್ಕಿಂಗಿಗಾದರೂ ದುಡ್ಡು ಕೇಳುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ‘ಮೊದಲೇ ಆನ್‌ಲೈನ್‌ನವರು ವ್ಯಾಪಾರ ಕಿತ್ತುಕೊಂಡಿದ್ದಾರೆ, ಬರುವ ನಾಲ್ಕು ಜನ ಗಿರಾಕಿಯನ್ನೂ ಬಾಗಿಲಲ್ಲೇ ತಡೆದರೆ ನಾವೇನು ಮಾಡೋದು?’ ಎಂದು ಎಲ್ಲರೂ ಸಿಟ್ಟಾದರು. ವಿರೋಧದ ಮನವಿ ಬರೆದು ಸಹಿ ಹಾಕಿದೆವು. ಅದರಲ್ಲಿ ಹನ್ನೊಂದನೆಯ ಸಹಿ ನನ್ನದು.

ಆ ಸಹಿಯನ್ನು ನಾನು ಈಗ ವಾಪಸ್ ಪಡೆಯುತ್ತಿದ್ದೇನೆ. ಯಾಕೆಂದು ಹೇಳುವುದು ನಿಮಗೂ ನನ್ನ ಜೊತೆಯವರಿಗೂ ಕೊಡಬೇಕಾದ ಮರ್ಯಾದೆ. ಅದಕ್ಕೇ ಈ ಪತ್ರ.

ನನ್ನ ಅಂಗಡಿ ಮೆಟ್ಟಿಲ ಪಕ್ಕ ಸಂಜೆ ಹೊತ್ತು ಒಬ್ಬರು ಹೂವು ಮಾರುತ್ತಾರೆ. ಬೀದಿಯವರೆಲ್ಲ ಅವರನ್ನು ಹೂವಿನಮ್ಮ ಎಂದೇ ಕರೆಯುವುದು. ತಿ. ನರಸೀಪುರ ರಸ್ತೆ ಕಡೆಯ ಹಳ್ಳಿಯವರು. ಮಲ್ಲಿಗೆ ಮೊಗ್ಗು ಬಿಡಿಸಿ, ಮನೆಯಲ್ಲೇ ಕಟ್ಟಿ, ಒದ್ದೆ ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡು ಮಧ್ಯಾಹ್ನ ಬಸ್ಸು ಹತ್ತುತ್ತಾರೆ. ಆಫೀಸು ಬಿಟ್ಟು ಹೋಗುವವರು, ದೇವಸ್ಥಾನಕ್ಕೆ ಹೊರಟವರು ಹೂವು ಕೊಳ್ಳುವುದು ಐದರಿಂದ ಏಳು ಗಂಟೆಯೊಳಗೆ. ಮೊಗ್ಗು ಮೊಗ್ಗಾಗಿದ್ದರೆ ಮೊಳಕ್ಕೆ ಬೆಲೆ. ಅರಳಿತೋ, ಕೇಳಿದಷ್ಟಕ್ಕೆ ಕೊಟ್ಟು ಮನೆಗೆ ಹೋಗಬೇಕು.

ಹೋದ ಶ್ರಾವಣದ ಒಂದು ಶುಕ್ರವಾರ ಅವರು ಬಂದಾಗ ಏಳೂಕಾಲು. ಹಾರ್ಡಿಂಜ್ ವೃತ್ತದವರೆಗೆ ಬಸ್ಸು ಸಲೀಸಾಗಿ ಬಂದಿತ್ತಂತೆ. ಅಲ್ಲಿಂದ ಮುಂದೆ ಒಂದು ಅಡಿ ಹೋದರೆ ಹತ್ತು ನಿಮಿಷ ನಿಲ್ಲುವುದು. ಕೊನೆಗೆ ಕಂಡಕ್ಟರನ್ನು ಕೇಳಿಕೊಂಡು ನಡುದಾರಿಯಲ್ಲೇ ಇಳಿದು, ಬುಟ್ಟಿ ತಲೆ ಮೇಲಿಟ್ಟು, ಕಾರುಗಳ ಸಂದಿಯಲ್ಲಿ ನುಸುಳಿಕೊಂಡು ಬಂದಿದ್ದರು. ಮೆಟ್ಟಿಲ ಮೇಲೆ ಕೂತು ಬಟ್ಟೆ ಬಿಚ್ಚಿದರು. ಘಮ ಎಂದಿತು ಬೀದಿಯೆಲ್ಲ. ಒಂದು ಮೊಗ್ಗೂ ಉಳಿದಿರಲಿಲ್ಲ, ಎಸಳಿನ ಅಂಚು ಆಗಲೇ ಕಂದುತ್ತಿತ್ತು. ‘ಬಸ್ಸಲ್ಲೇ ಅರಳೋದ್ವು ಕಣಣ್ಣ’ ಎಂದರು. ಅಷ್ಟೇ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅವರಿಗೆ ಬಸ್ಸು ಉಚಿತ. ಆದರೂ ಅವತ್ತಿನ ಪ್ರಯಾಣಕ್ಕೆ ಅವರು ಒಂದು ಬುಟ್ಟಿ ಮಲ್ಲಿಗೆ ತೆತ್ತರು. ಆ ಬೆಲೆ ಸರ್ಕಾರಕ್ಕೆ ಹೋಗಲಿಲ್ಲ, ಸಾರಿಗೆಯವರಿಗೆ ಹೋಗಲಿಲ್ಲ, ಯಾರ ಜೇಬಿಗೂ ಸೇರಲಿಲ್ಲ. ಬಾಡಿ ಹೋಯಿತು. ರಸ್ತೆ ಬಿಟ್ಟಿ ಎಂದು ನಾವು ಹೇಳುವಾಗ ಈ ಬುಟ್ಟಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಟ್ಟಣೆಯ ಬೆಲೆಯನ್ನು ಈಗಲೂ ಕೊಡುತ್ತಿದ್ದೇವೆ. ಕೊಡುವವರು ಬಸ್ಸಿನಲ್ಲಿ ಕೂತವರು, ಉಂಟು ಮಾಡುವವರು ಕಾರಿನಲ್ಲಿ ಕೂತ ನಮ್ಮಂಥವರು.

ಈ ಮಾತು ನನ್ನದಲ್ಲ. ಆ ಶುಕ್ರವಾರದ ನಂತರ ಮಗಳ ಹತ್ತಿರ ಕೂತು ಓದಿಸಿಕೊಂಡೆ. ಅವಳು ಎಂಕಾಂ ಮಾಡಿದವಳು. 1920ರಲ್ಲಿ ಇಂಗ್ಲೆಂಡಿನ ಆರ್ಥರ್ ಪಿಗೂ ಎಂಬ ಅರ್ಥಶಾಸ್ತ್ರಜ್ಞ ಒಂದು ಸರಳ ಉದಾಹರಣೆ ಕೊಟ್ಟಿದ್ದರು. ಆಮೇಲಿನವರು ಅದನ್ನು ಬಿಡಿಸಿ ಹೇಳಿದ್ದು ಹೀಗೆ. ಎರಡು ಊರಿನ ನಡುವೆ ಎರಡು ದಾರಿ. ಒಂದು ಅಗಲ, ಆದರೆ ಒರಟು. ಇನ್ನೊಂದು ಕಿರಿದು, ಆದರೆ ನುಣುಪು. ಎಲ್ಲರೂ ಒಳ್ಳೆ ದಾರಿಗೇ ನುಗ್ಗುತ್ತಾರೆ. ಎಲ್ಲಿಯವರೆಗೆ? ಒಳ್ಳೆ ದಾರಿಯೂ ಕೆಟ್ಟ ದಾರಿಯಷ್ಟೇ ನಿಧಾನವಾಗುವವರೆಗೆ. ಅಲ್ಲಿಗೆ ಒಳ್ಳೆ ದಾರಿ ಇದ್ದೂ ಇಲ್ಲದಂತೆ. ಆ ದಾರಿಗೆ ಸ್ವಲ್ಪ ಸುಂಕ ಹಾಕಿದರೆ ಕೆಲವರು ಒರಟು ದಾರಿ ಹಿಡಿಯುತ್ತಾರೆ, ಅವರಿಗೆ ಹೆಚ್ಚಿನ ನಷ್ಟವೇನೂ ಇಲ್ಲ, ಉಳಿದವರಿಗೆ ಒಳ್ಳೆ ದಾರಿ ಮತ್ತೆ ಒಳ್ಳೆಯದಾಗುತ್ತದೆ. ವರ್ತುಲ ರಸ್ತೆ ಇದ್ದರೂ ಸಯ್ಯಾಜಿರಾವ್ ರಸ್ತೆಯೊಳಗೇ ತೂರಿಕೊಂಡು ಊರಿನ ಆಚೆ ತುದಿಗೆ ಹೋಗುವ ಕಾರುಗಳನ್ನು ನೋಡಿದಾಗಲೆಲ್ಲ ಈಗ ನನಗೆ ಆ ಎರಡು ದಾರಿ ನೆನಪಾಗುತ್ತವೆ.

ಇದನ್ನೇ ನಗರಗಳಿಗೆ ಹೊಂದಿಸಿ, ಯಾವ ಹೊತ್ತಿಗೆ ಎಷ್ಟು ಇಕ್ಕಟ್ಟೋ ಅಷ್ಟು ದರ ಇರಲಿ ಎಂದು 1950ರ ದಶಕದಿಂದಲೂ ಹೇಳುತ್ತಾ ಬಂದವರು ಅಮೆರಿಕದ ವಿಲಿಯಂ ವಿಕ್ರಿ. 1959ರಲ್ಲೇ ವಾಷಿಂಗ್ಟನ್ ನಗರಕ್ಕೆ ಇಂಥ ಯೋಜನೆ ಮುಂದಿಟ್ಟಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1996ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು, ಮೂರೇ ದಿನಕ್ಕೆ ತೀರಿಕೊಂಡರು.

ತರ್ಕವನ್ನು ಅಂಗಡಿ ಲೆಕ್ಕದಲ್ಲೇ ಹೇಳುತ್ತೇನೆ. ಉದಾಹರಣೆಗೆ, ಒಂದು ರಸ್ತೆಯಲ್ಲಿ 200 ಕಾರು ಆಗಲೇ ತೆವಳುತ್ತಿವೆ ಎಂದುಕೊಳ್ಳಿ. ನಾನು ಇನ್ನೊಂದು ಕಾರು ತಂದು ಸೇರಿಸಿದೆ. ಪ್ರತಿಯೊಬ್ಬರಿಗೂ ಮೂರೇ ಸೆಕೆಂಡು ತಡ ಮಾಡಿದೆ. ಒಟ್ಟು 600 ಸೆಕೆಂಡು, ಅಂದರೆ ಬೇರೆಯವರ ಹತ್ತು ನಿಮಿಷ ನಾನೊಬ್ಬ ತಿಂದೆ. ಆ ಸಾಲಿನಲ್ಲಿ 50 ಜನರಿರುವ ಬಸ್ಸೊಂದಿದ್ದರೆ ಇನ್ನೂ ಎರಡೂವರೆ ನಿಮಿಷ ಸೇರಿಸಿ. ಮನೆಯಿಂದ ಹೊರಡುವಾಗ ನನ್ನ ಪೆಟ್ರೋಲು, ನನ್ನ ಹೊತ್ತು ಮಾತ್ರ ನನ್ನ ಲೆಕ್ಕದಲ್ಲಿರುತ್ತದೆ. ಈ ಹನ್ನೆರಡೂವರೆ ನಿಮಿಷ ಯಾರ ಖಾತೆಗೂ ಬರೆದಿಲ್ಲ. ಶುಲ್ಕ ಎಂದರೆ ಅದನ್ನು ಖಾತೆಗೆ ಬರೆಯುವುದು.

ನಿಮ್ಮಲ್ಲಿ ಕೆಲವರು ‘ರಸ್ತೆ ಅಗಲ ಮಾಡಿ, ಪಾರ್ಕಿಂಗ್ ಕಟ್ಟಡ ಕಟ್ಟಿ’ ಎನ್ನುತ್ತೀರಿ. ದೇವರಾಜ ಮಾರುಕಟ್ಟೆ, ಚಿಕ್ಕ ಗಡಿಯಾರ, ದೊಡ್ಡ ಗಡಿಯಾರ, ಅರಮನೆ ಕೋಟೆ, ಇವುಗಳ ನಡುವೆ ಎಲ್ಲಿಂದ ಅಗಲ ತರುತ್ತೀರಿ? ತಂದರೂ, ‘ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎನ್ನುವ ಗಾದೆ ರಸ್ತೆಗೂ ಸಲ್ಲುತ್ತದೆ.

ಈಗ ವರ್ತಕ ಬಂಧುಗಳಿಗೆ. ಗಿರಾಕಿ ಕಾರಿನಲ್ಲಿ ಬರುತ್ತಾನೆ, ಕಾರು ತಡೆದರೆ ಗಿರಾಕಿ ಹೋದ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಸಹಿ ಹಾಕಿದ ಮಾರನೆಯ ದಿನದಿಂದ ಒಂದು ವಾರ, ನನ್ನ ಅಂಗಡಿ ಎದುರಿನ ರಸ್ತೆ ಅಂಚನ್ನು ಚೀಟಿ ಪುಸ್ತಕದಲ್ಲಿ ಬರೆದಿಟ್ಟೆ. ಅಲ್ಲಿ ಎಂಟು ಕಾರು ನಿಲ್ಲುವಷ್ಟು ಜಾಗ. ಬೆಳಗ್ಗೆ ಹತ್ತೂವರೆಗೆ ಐದು ತುಂಬುತ್ತವೆ, ರಾತ್ರಿ ಎಂಟೂವರೆಗೆ ಷಟರ್ ಎಳೆಯುವ ತನಕ ಕದಲುವುದಿಲ್ಲ. ಆ ಐದೂ ನಮ್ಮ ಬೀದಿಯ ಅಂಗಡಿಯವರದೇ. ಒಂದು ನನ್ನದು. ಹತ್ತು ಗಂಟೆ ಒಂದೇ ಕಡೆ ನಿಂತ ನನ್ನ ಕಾರಿನ ಜಾಗದಲ್ಲಿ, ಒಬ್ಬೊಬ್ಬರು ಅರ್ಧ ಗಂಟೆ ನಿಂತರೆ 20 ಗಿರಾಕಿಗಳು ಬಂದು ಹೋಗಬಹುದಿತ್ತು. ಆ ವಾರ ಬುಧವಾರ ಒಂದು ಕುಟುಂಬ ಮದುವೆ ಪಾತ್ರೆಗೆಂದು ಬಂದು, ನಿಲ್ಲಿಸಲು ಜಾಗ ಸಿಗದೆ ಬೀದಿಯನ್ನು ಮೂರು ಸುತ್ತು ಹಾಕಿ, ಕಿಟಕಿಯಿಂದಲೇ ಕೈ ಬೀಸಿ ಹೊರಟುಹೋಯಿತು. ಹಂಡೆ, ಕೊಳದಪ್ಪಲೆ, ತಂಬಿಗೆ ಸೇರಿ ದೊಡ್ಡ ವ್ಯಾಪಾರ. ಅದನ್ನು ತಡೆದದ್ದು ಯಾವ ಶುಲ್ಕವೂ ಅಲ್ಲ, ನನ್ನದೇ ಕಾರು. ಅದನ್ನು ಬರೆದುಕೊಳ್ಳುವಾಗ ನನ್ನ ಕೈ ನಡುಗಿತು.

ಕ್ಯಾಲಿಫೋರ್ನಿಯಾದಲ್ಲಿ ಪಾಠ ಹೇಳುತ್ತಿದ್ದ ಡೊನಾಲ್ಡ್ ಶೂಪ್ ಇದನ್ನೇ ಬದುಕಿಡೀ ಅಧ್ಯಯನ ಮಾಡಿದವರು. ರಸ್ತೆ ಬದಿಯ ಪಾರ್ಕಿಂಗ್ ದರ ಎಷ್ಟಿರಬೇಕೆಂದರೆ ಪ್ರತಿ ಬೀದಿಯಲ್ಲೂ ಒಂದೆರಡು ಜಾಗ ಯಾವಾಗಲೂ ಖಾಲಿ ಸಿಗುವಷ್ಟು ಎಂದರು. ಅದಕ್ಕಿಂತ ಹೆಚ್ಚಿದ್ದರೆ ಬೀದಿ ಬಿಕೋ ಎನ್ನುತ್ತದೆ, ಕಡಿಮೆಯಿದ್ದರೆ ಸುತ್ತು ಹೊಡೆಯುವ ಕಾರುಗಳು ಹೆಚ್ಚುತ್ತವೆ. ನನಗೆ ಇದು ನೊಬೆಲ್ ಪಡೆದವರ ಮಾತಿಗಿಂತ ಬೇಗ ಅರ್ಥವಾಯಿತು.

ಇನ್ನು ದಸರಾ. ಆ ದಿನಗಳಲ್ಲಿ ಸಂಜೆಯಾದರೆ ಅರಮನೆ ಸುತ್ತ ಏಕಮುಖ ಸಂಚಾರ, ಹಲವು ಕಡೆ ಕಾರಿಗೆ ಪ್ರವೇಶವೇ ಇಲ್ಲ. ಜನ ದೀಪ ನೋಡುತ್ತ ನಡೆದೇ ಬರುತ್ತಾರೆ. ಅಂಗಡಿಯಲ್ಲಿ ನಮಗೆ ಊಟಕ್ಕೆ ಪುರುಸೊತ್ತಿರುವುದಿಲ್ಲ. ಹಬ್ಬದ ವ್ಯಾಪಾರ ಹಬ್ಬದ್ದು, ಅದನ್ನು ಕಾರಿಲ್ಲದ್ದರ ಫಲ ಎಂದು ನಾನು ಹೇಳುವುದಿಲ್ಲ. ಆದರೆ ಕಾರು ಅಂಗಡಿ ಬಾಗಿಲಿಗೆ ಬರದಿದ್ದರೆ ಮೈಸೂರಿನ ಗಿರಾಕಿ ಪೇಟೆಗೇ ಬರುವುದಿಲ್ಲ ಎನ್ನುವ ಮಾತು ನಿಜವಲ್ಲ ಎಂದು ಪ್ರತಿ ವರ್ಷ ಕಣ್ಣಾರೆ ನೋಡುತ್ತಿದ್ದೇವೆ.

ಸುಂಕ ಎಂಬ ಪದಕ್ಕೇ ನಮ್ಮವರು ಬೆಚ್ಚುತ್ತಾರೆ, ಅದೂ ನನಗೆ ಗೊತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಅನುಭವ ನಮ್ಮ ಹಿರಿಯರಿಗೆ ಚೆನ್ನಾಗಿ ಆಗಿದೆ. ಊರೊಳಗೆ ಬರುವ ಪ್ರತಿ ಮೂಟೆಗೂ ಆಕ್ಟ್ರಾಯ್ ಕಟ್ಟಿದವರು ಅವರು. ಕರ್ನಾಟಕದಲ್ಲಿ ಅದು 1979ರಲ್ಲಿ ರದ್ದಾದಾಗ ತಂದೆಯವರು ಬೀದಿಗೆಲ್ಲ ಪೇಡ ಹಂಚಿದ್ದರಂತೆ. ಆದರೆ ಆಕ್ಟ್ರಾಯ್ ಇದ್ದದ್ದು ಸರಕಿನ ಮೇಲೆ, ಬೊಕ್ಕಸ ತುಂಬಲು. ಈ ಶುಲ್ಕ ಇಕ್ಕಟ್ಟಿನ ಮೇಲೆ. ಬೆಳಗ್ಗೆ ಒಂಬತ್ತಕ್ಕೆ ಸರಕು ಇಳಿಸುವ ಲಗೇಜ್ ಆಟೊ ಯಾರಿಗೂ ಅಡ್ಡಿಯಲ್ಲ, ಅದಕ್ಕೆ ಶುಲ್ಕವೂ ಬೇಕಿಲ್ಲ. ಎಲ್ಲರೂ ಬಸ್ಸು ಹಿಡಿದು ಒಂದು ಪೈಸೆ ವಸೂಲಾಗದಿದ್ದರೆ ಯೋಜನೆ ಗೆದ್ದಿತು ಎಂದರ್ಥ.

ಆದ್ದರಿಂದಲೇ ಮಾನ್ಯರೇ, ನನ್ನ ಮೊದಲ ಮತ್ತು ದೊಡ್ಡ ಕೋರಿಕೆ: ಇದನ್ನು ಟೆಂಡರ್ ಕರೆದು ಗುತ್ತಿಗೆದಾರರ ಕೈಗೆ ಕೊಡಬೇಡಿ. ತಲೆಗಿಷ್ಟು ಎಂದು ವಸೂಲಿ ಮಾಡುವ ಗುತ್ತಿಗೆದಾರನಿಗೆ ಕಾರು ಹೆಚ್ಚು ಬಂದಷ್ಟೂ ಲಾಭ. ನಮಗೆ ಬೇಕಿರುವುದು ಅದರ ತದ್ವಿರುದ್ಧ. ವಾರ್ಷಿಕ ಆದಾಯದ ಗುರಿಯನ್ನೂ ಇಟ್ಟುಕೊಳ್ಳಬೇಡಿ. ಇಡುವುದಾದರೆ ಒಂದೇ ಗುರಿ ಇಡಿ, ಹಾರ್ಡಿಂಜ್ ವೃತ್ತದಿಂದ ನಗರ ಬಸ್ ನಿಲ್ದಾಣಕ್ಕೆ ಸಂಜೆ ಆರಕ್ಕೆ ಬಸ್ಸು ಎಷ್ಟು ನಿಮಿಷದಲ್ಲಿ ತಲುಪುತ್ತದೆ ಎಂಬುದು.

ಬೇರೆ ಊರುಗಳು ಬಿದ್ದು ಎದ್ದು ಕಲಿತದ್ದನ್ನು ನಾವು ಪುಕ್ಕಟೆ ಕಲಿಯಬಹುದು. ಸಿಂಗಾಪುರ 1975ರ ಜೂನ್‌ನಲ್ಲಿ ಶುರು ಮಾಡಿತು. ಯಂತ್ರವಿಲ್ಲ, ಕ್ಯಾಮೆರಾ ಇಲ್ಲ. ದಿನಕ್ಕೆ ಮೂರು ಡಾಲರಿನ ಒಂದು ಚೀಟಿ ಕಾರಿನ ಗಾಜಿಗೆ, ನಿಂತು ನೋಡಲು ಪೊಲೀಸರು. ನಾಲ್ಕು ಜನರಿದ್ದ ಕಾರಿಗೆ ಶುಲ್ಕವಿರಲಿಲ್ಲ. ಗಡಿಯಲ್ಲಿ ಕಾರು ನಿಲ್ಲಿಸಿ ಬಸ್ಸಿನಲ್ಲಿ ಒಳಗೆ ಬರಲಿ ಎಂದು ಕಟ್ಟಿದ ನಿಲುಗಡೆ ತಾಣಗಳು ಮಾತ್ರ ಬಹುಪಾಲು ಖಾಲಿ ಬಿದ್ದವು, ಜನ ಮನೆ ಹತ್ತಿರವೇ ಬಸ್ಸು ಹತ್ತಿದರು. ಹಾಗಾಗಿ ಕಾಂಕ್ರೀಟಿಗೆ ಕೋಟಿ ಸುರಿಯುವ ಮುಂಚೆ ಬಡಾವಣೆಗಳಿಗೆ ಬಸ್ಸು ಹೆಚ್ಚಿಸಿ. ಲಂಡನ್ 2003ರ ಫೆಬ್ರುವರಿ 17ರಂದು ಐದು ಪೌಂಡ್ ಶುಲ್ಕ ಹಾಕಿತು, ಅದೇ ಹೊತ್ತಿಗೆ ಹೆಚ್ಚುವರಿ ಬಸ್ಸುಗಳನ್ನು ರಸ್ತೆಗಿಳಿಸಿತು. ಮೊದಲ ವರ್ಷ ಆ ವಲಯಕ್ಕೆ ಬರುವ ನಾಲ್ಕು ಚಕ್ರದ ವಾಹನಗಳು ಸುಮಾರು ಶೇ 18ರಷ್ಟು ಕಡಿಮೆಯಾದವು. ಬಂದ ನಿವ್ವಳ ಹಣ ಸಾರಿಗೆಗೇ ಹೋಗಬೇಕೆಂದು ಕಾನೂನಿನಲ್ಲೇ ಬರೆದರು. ಅವರು ಬಿಟ್ಟ ತೂತೆಂದರೆ ಬಾಡಿಗೆ ಕ್ಯಾಬ್‌ಗಳಿಗೆ ಕೊಟ್ಟ ವಿನಾಯಿತಿ. ಆ್ಯಪ್ ಕ್ಯಾಬ್‌ಗಳ ಸಂಖ್ಯೆ ಏರಿ, 2019ರ ಏಪ್ರಿಲ್‌ನಲ್ಲಿ ಅದನ್ನು ತೆಗೆಯಬೇಕಾಯಿತು. ನ್ಯೂಯಾರ್ಕ್‌ನಲ್ಲಿ 15 ಡಾಲರ್ ಎಂದು ಹೊರಟದ್ದು 2024ರ ಜೂನ್‌ನಲ್ಲಿ ಕೊನೆ ಗಳಿಗೆಯಲ್ಲಿ ನಿಂತು, ಒಂಬತ್ತು ಡಾಲರಿಗೆ ಇಳಿದು, 2025ರ ಜನವರಿ 5ರಂದು ಜಾರಿಯಾಯಿತು.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಎರಡು ಊರುಗಳ ಕಥೆ. ಸ್ಕಾಟ್ಲೆಂಡಿನ ಎಡಿನ್‌ಬರಾದವರು 2005ರಲ್ಲಿ ಶುಲ್ಕ ಬರುವ ಮುಂಚೆಯೇ ಜನರ ಮತ ಕೇಳಿದರು. ನಾಲ್ವರಲ್ಲಿ ಮೂವರಷ್ಟು ಜನ ಬೇಡವೆಂದರು, ಯೋಜನೆ ಅಲ್ಲಿಗೇ ಸತ್ತಿತು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲೂ ಜನ ವಿರೋಧವಿದ್ದರು. ಅಲ್ಲಿ 2006ರ ಜನವರಿಯಿಂದ ಜುಲೈವರೆಗೆ ಪ್ರಯೋಗ ಮಾಡಿದರು. ಸಂಚಾರ ಐದರಲ್ಲಿ ಒಂದು ಪಾಲು ಇಳಿಯಿತು. ಪ್ರಯೋಗ ನಿಲ್ಲಿಸಿದ ಮೇಲೆ ಮತ್ತೆ ಏರಿತು. ಎರಡನ್ನೂ ನೋಡಿದ ಮೇಲೆ ಸೆಪ್ಟೆಂಬರ್‌ನಲ್ಲಿ ಮತ ಹಾಕಿದ ನಗರದ ಜನ ಬೇಕು ಎಂದರು. 2007ರಿಂದ ಅದು ಕಾಯಂ ಆಗಿದೆ. ರುಚಿ ನೋಡದೆ ಉಪ್ಪು ಹೆಚ್ಚೋ ಕಡಿಮೆಯೋ ಹೇಳು ಎಂದರೆ ಯಾರು ಹೇಳುತ್ತಾರೆ?

ನಮ್ಮಲ್ಲೂ ಆರು ತಿಂಗಳ ಪ್ರಯೋಗ ಮಾಡಿ ಎಂಬುದು ನನ್ನ ಎರಡನೆಯ ಕೋರಿಕೆ. ಗಡಿ ದೊಡ್ಡದು ಬೇಡ. ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆಯ ಮಾರುಕಟ್ಟೆ ಭಾಗ, ದೇವರಾಜ ಅರಸು ರಸ್ತೆ, ಗಾಂಧಿ ಚೌಕ, ಅಶೋಕ ರಸ್ತೆ, ಸಂತೇಪೇಟೆ ಇಷ್ಟು ಸಾಕು. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆಗಳಿಗೆ ಹೋಗುವ ದಾರಿ ಗಡಿಯ ಹೊರಗಿರಲಿ. ಕಾಯಿಲೆಯವರಿಂದ ದುಡ್ಡು ಕೇಳುವ ಊರು ನಮ್ಮದಾಗುವುದು ಬೇಡ. ಸಂಜೆ ನಾಲ್ಕರಿಂದ ಎಂಟರವರೆಗೆ ಮಾತ್ರ ಶುಲ್ಕವಿರಲಿ, ಉಳಿದ ಹೊತ್ತು ಬೇಡ. ಬೆಂಗಳೂರು ಹೆದ್ದಾರಿಯಲ್ಲಿ ಗಣಂಗೂರು ಟೋಲ್ ದಾಟುವ ಕಾರಿನ ಗಾಜಿನ ಮೇಲೆ ಹೇಗೂ ಫಾಸ್ಟ್ಯಾಗ್ ಇದೆ, ಹಾಗಾಗಿ ಹೊಸ ಯಂತ್ರಕ್ಕೆ ದೊಡ್ಡ ಖರ್ಚಿಲ್ಲ. ಯಾರು ಯಾವಾಗ ಎಲ್ಲಿಗೆ ಬಂದರೆಂಬ ಮಾಹಿತಿಯನ್ನು ಮಾತ್ರ ಲೆಕ್ಕ ಮುಗಿದ ಕೂಡಲೇ ಅಳಿಸಿಹಾಕಬೇಕು. ಪ್ರವೇಶ ಶುಲ್ಕಕ್ಕೆ ರಾಜ್ಯದ ಕಾನೂನಿನ ಬಲ ಬೇಕಾಗುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಗಂಟೆ ಲೆಕ್ಕದ ಪಾರ್ಕಿಂಗ್ ಶುಲ್ಕವನ್ನು ಇದೇ ಬೀದಿಗಳಲ್ಲಿ ಶುರು ಮಾಡಿ. ಮೊದಲ ಅರ್ಧ ಗಂಟೆ ಅಗ್ಗವಾಗಿ, ಹೊತ್ತು ಕಳೆದಂತೆ ದುಬಾರಿಯಾಗಲಿ. ಇಡೀ ದಿನ ಕಾರು ನಿಲ್ಲಿಸುವ ನಮ್ಮಂಥವರಿಗೆ ಅದು ಚುರುಕು ಮುಟ್ಟಿಸಬೇಕು.

ಸ್ಕೂಟರ್ ವಿಷಯದಲ್ಲಿ ನಾನು ತುಂಬಾ ಯೋಚಿಸಿದೆ. ಮೈಸೂರಿನ ಬೀದಿಯಲ್ಲಿ ಅವೇ ಹೆಚ್ಚು, ಬಿಟ್ಟರೆ ಕಾರಿನವರೂ ಸ್ಕೂಟರ್ ಹಿಡಿದಾರು ಎಂಬ ವಾದದಲ್ಲಿ ಹುರುಳಿದೆ. ಆದರೂ ಸದ್ಯಕ್ಕೆ ಬಿಡಿ ಎನ್ನುತ್ತೇನೆ. ನನ್ನ ಅಂಗಡಿಯ ಇಬ್ಬರು ಹುಡುಗರು ಹಳೆ ಸ್ಕೂಟರಿನಲ್ಲಿ ಒಟ್ಟಿಗೆ ಬರುತ್ತಾರೆ, ಕಾರಿನ ಜಾಗದಲ್ಲಿ ಅಂಥ ನಾಲ್ಕೈದು ನಿಲ್ಲುತ್ತವೆ. ಸಿಂಗಾಪುರವೂ ಮೊದಲು ಬೈಕುಗಳನ್ನು ಬಿಟ್ಟು 1989ರಲ್ಲಿ ಸೇರಿಸಿತು. ಆಟೊಗಳಿಗೆ, ಅಂಗವಿಕಲರ ವಾಹನಗಳಿಗೆ ವಿನಾಯಿತಿ ಇರಲಿ, ಗಡಿಯೊಳಗೆ ಮನೆ ಇರುವವರಿಗೆ ರಿಯಾಯಿತಿ ಇರಲಿ. ಆ್ಯಪ್ ಕ್ಯಾಬ್‌ಗಳಿಗೆ ಬೇಡ. ‘ಕರ್ನಾಟಕ ಸರ್ಕಾರ’ ಎಂದು ಬರೆದ ಕಾರುಗಳಿಗೆ ಖಂಡಿತ ಬೇಡ. ಆಂಬುಲೆನ್ಸ್, ಅಗ್ನಿಶಾಮಕ, ಗಸ್ತಿನ ಪೊಲೀಸ್ ವಾಹನ ಬಿಟ್ಟರೆ ಯಾವ ಸಾಹೇಬರ ಕಾರಿಗೂ ಬೇರೆ ನ್ಯಾಯವಿರಬಾರದು. ನೀವು ಮೊದಲ ದಿನವೇ ಶುಲ್ಕ ಕಟ್ಟಿ ಒಳಗೆ ಬಂದರೆ ಅಥವಾ ಬಸ್ಸಿನಲ್ಲಿ ಬಂದರೆ, ಜನ ಅರ್ಧ ಒಪ್ಪಿದಂತೆ.

ಮೂರನೆಯದು, ಹಣ. ಈ ಶುಲ್ಕ ಸಾಮಾನ್ಯ ಖಾತೆಗೆ ಸೇರಿದರೆ ನಾಳೆ ನಾನೇ ಬೀದಿಗಿಳಿಯುತ್ತೇನೆ. ಪ್ರತ್ಯೇಕ ಖಾತೆ ತೆರೆದು ಬಸ್ಸು, ಫುಟ್‌ಪಾತ್, ಬಸ್ ತಂಗುದಾಣ ಈ ಮೂರಕ್ಕೆ ಮಾತ್ರ ಖರ್ಚು ಮಾಡಿ. ಈ ತಿಂಗಳು ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂದು ನಗರ ಬಸ್ ನಿಲ್ದಾಣದಲ್ಲಿ ದೊಡ್ಡ ಕನ್ನಡ ಅಕ್ಷರದ ಫಲಕ ಹಾಕಿ. ಮತ್ತು ದಯವಿಟ್ಟು ಬಸ್ಸು ಮೊದಲು ಬರಲಿ, ಶುಲ್ಕ ಆಮೇಲೆ. ಬಸ್ಸಿಲ್ಲದೆ ಶುಲ್ಕ ಹಾಕುವುದು ಬಾಗಿಲು ಮುಚ್ಚಿ ಹೊರಗೆ ಹೋಗು ಎಂದಂತೆ.

1903ರಷ್ಟು ಹಿಂದೆಯೇ ನಗರ ಸುಧಾರಣೆಗೆಂದು ಟ್ರಸ್ಟ್ ಬೋರ್ಡ್ ಕಟ್ಟಿಕೊಂಡ ಊರು ನಮ್ಮದು. ಬೇರೆಯವರು ಮಾಡಲಿ, ಆಮೇಲೆ ನೋಡೋಣ ಎಂದು ಕಾಯುವುದು ಈ ಊರಿನ ರೂಢಿಯಾಗಿರಲಿಲ್ಲ.

ನನ್ನ ಕಡೆಯಿಂದ ಆಗುವುದನ್ನು ಹೇಳಿ ಮುಗಿಸುತ್ತೇನೆ. ಬರುವ ಸೋಮವಾರದಿಂದ ನನ್ನ ಕಾರು ಅಂಗಡಿ ಮುಂದೆ ನಿಲ್ಲುವುದಿಲ್ಲ, ಬಸ್ಸಿನಲ್ಲಿ ಬರುತ್ತೇನೆ. ಪ್ರಯೋಗ ಶುರುವಾದರೆ ಅದಕ್ಕೂ ಮುಂಚಿನ ಆರು ತಿಂಗಳ ಮತ್ತು ಪ್ರಯೋಗದ ಆರು ತಿಂಗಳ ನನ್ನ ಬಿಲ್ ಪುಸ್ತಕ, ಜಿಎಸ್‌ಟಿ ಲೆಕ್ಕ ಎರಡನ್ನೂ ನಿಮ್ಮ ಮುಂದೆಯೂ ನಮ್ಮ ವರ್ತಕರ ಮುಂದೆಯೂ ತಂದಿಡುತ್ತೇನೆ. ಉಳಿದವರೂ ಹಾಗೇ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ವ್ಯಾಪಾರ ನಿಜಕ್ಕೂ ಬಿದ್ದಿದ್ದರೆ, ಎರಡನೆಯ ವಿರೋಧದ ಮನವಿಗೆ ಮೊದಲ ಸಹಿ ನನ್ನದೇ ಇರುತ್ತದೆ.

ವಂದನೆಗಳೊಂದಿಗೆ,
ಅಶೋಕ ರಸ್ತೆಯ ಒಬ್ಬ ಪಾತ್ರೆ ವ್ಯಾಪಾರಿ
ಮೈಸೂರು